ಸಾಮಾನು ಬದಲಿಸೋ ಮೊದಲು ಪರೀಕ್ಷೆ ಮಾಡ್ರಿ

"ಅಣ್ಣಾರ, ಗಾಡಿ ಮಿಸ್ಸಿಂಗ್ ಹೊಡಿಯಾಕತ್ತೈತಿ." ಗ್ಯಾರೇಜಿಗೆ ಹೋಗಿ ಈ ಮಾತು ಹೇಳಿದರೆ ಬರುವ ಉತ್ತರ ನಿಮಗೂ ಗೊತ್ತು: "ಪ್ಲಗ್ ಹಾಕಿ ನೋಡೋಣ." ಪ್ಲಗ್ಗಿಗೆ ಹೋಗಲಿಲ್ಲವೆಂದರೆ ಕಾಯಿಲ್ ಹಾಕಿ ನೋಡೋಣ. ಅದಕ್ಕೂ ಹೋಗಲಿಲ್ಲವೆಂದರೆ ಸೆನ್ಸಾರ್, ಆಮೇಲೆ ಇಂಜೆಕ್ಟರ್. ಈ "ಹಾಕಿ ನೋಡೋಣ" ಎಂಬುದರ ಮೇಲೆಯೇ ನಮ್ಮ ತಕರಾರು. ಹಾಕುವವರು ಅವರು, ನೋಡುವವರೂ ಅವರು, ದುಡ್ಡು ಮಾತ್ರ ನಿಮ್ಮದು.

ನಮ್ಮ ಭಾಗದಲ್ಲಿ ಬೊಲೆರೊ, ಸ್ಕಾರ್ಪಿಯೊದಂಥ ಗಾಡಿಗಳನ್ನು ಬರೀ ಶೋಕಿಗೆ ಇಟ್ಟುಕೊಂಡವರು ಕಡಿಮೆ. ಲಕ್ಷ್ಮೇಶ್ವರ, ಶಿರಹಟ್ಟಿಯ ಮದುವೆ ಬಾಡಿಗೆಗೆ ಓಡುವುದು ಅದೇ ಗಾಡಿ. ಮುಂಡರಗಿ ಕಡೆಯ ಹಳ್ಳಿಯಿಂದ ನಡುರಾತ್ರಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಗದಗಿನ ಜಿಮ್ಸ್ ಆಸ್ಪತ್ರೆಗೆ ಮುಟ್ಟಿಸುವುದೂ ಅದೇ ಗಾಡಿ. ಸಾಲದ ಕಂತು ಕೂಡ ಅದರ ದುಡಿಮೆಯ ಮೇಲೆಯೇ ನಿಂತಿದೆ. ಅಂಥ ಗಾಡಿಯನ್ನು ಊಹೆಯ ಮೇಲೆ ರಿಪೇರಿ ಮಾಡುವುದನ್ನು ನಾವು ಒಪ್ಪುವುದಿಲ್ಲ.

ಮೊದಲು ಮಿಸ್ಸಿಂಗ್ ಅಂದರೇನು ನೋಡೋಣ. ಎಂಜಿನ್ನಿನ ಯಾವುದೋ ಒಂದು ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಹೋಗುವುದು. ಪೆಟ್ರೋಲ್ ಎಂಜಿನ್ನಿಗೆ ಮೂರು ಬೇಕು: ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಅಳತೆಯಲ್ಲಿ ಗಾಳಿ ಮತ್ತು ಪೆಟ್ರೋಲು, ಸಾಕಷ್ಟು ಕಂಪ್ರೆಷನ್. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲ. ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅದರಲ್ಲಿರುವ ಹೀಟರ್ ಪ್ಲಗ್ಗಿನ ಮುಖ್ಯ ಕೆಲಸ ತಣ್ಣಗಿರುವ ಗಾಡಿಯನ್ನು ಸ್ಟಾರ್ಟ್ ಮಾಡಿಸುವುದು. ಚೆನ್ನಾಗಿ ಬಿಸಿಯಾಗಿ ಓಡುತ್ತಿರುವ ಡೀಸೆಲ್ ಗಾಡಿ ಜರ್ಕ್ ಹೊಡೆದರೆ ಅದನ್ನು ಬದಲಿಸಿ ಉಪಯೋಗವಿಲ್ಲ.

ಯಾವಾಗಲೂ ಮಿಸ್ ಹೊಡೆಯುವ ಗಾಡಿಯ ದೋಷ ಬೇಗ ಸಿಗುತ್ತದೆ. ಆಗೊಮ್ಮೆ ಈಗೊಮ್ಮೆ ಹೊಡೆಯುವುದೇ ಕಷ್ಟದ್ದು. ಡೋಣಿ ಹತ್ತಿರ ಕಪ್ಪತಗುಡ್ಡದ ಏರಿನಲ್ಲಿ ಮಂದಿ ತುಂಬಿದ ಗಾಡಿ ಜರ್ಕ್ ಹೊಡೆಯುತ್ತದೆ, ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದರೆ ಏನೂ ಆಗಿಲ್ಲದಂತೆ ಓಡುತ್ತದೆ. ಇದಕ್ಕೆ ಕಾರಣವಿದೆ. ಏರಿನಲ್ಲಿ ಸಿಲಿಂಡರಿನ ಒಳಗೆ ಒತ್ತಡ ಹೆಚ್ಚುತ್ತದೆ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸಣ್ಣ ಬಿರುಕು ಬಿಟ್ಟ ಕಾಯಿಲ್ ಆ ಹೊತ್ತಿಗೇ ಸೋಲುತ್ತದೆ. ಮಳೆಯಲ್ಲಿ ಮಾತ್ರ ಹಸಿ ಹಿಡಿಯುವ ಕಪ್ಲರ್, ಡೀಸೆಲ್ ಫಿಲ್ಟರಿನಲ್ಲಿ ಕೂತ ನೀರು, ಪೈಪಿನ ಸಂದಿನಿಂದ ಎಳೆದುಕೊಂಡ ಗಾಳಿ, ಇವೂ ಹೀಗೆ ಬಂದು ಹೋಗುವ ದೋಷಗಳೇ. ಮೇವಿನ ಬಣವೆಯ ಪಕ್ಕ ಗಾಡಿ ನಿಲ್ಲಿಸುವವರು ಇಲಿಯನ್ನೂ ಮರೆಯಬಾರದು. ಅದು ಅರ್ಧ ಕಡಿದ ವೈರು ರಸ್ತೆಯ ಗುಂಡಿಗೆ ಗಾಡಿ ಕುಣಿದಾಗ ಮಾತ್ರ ಬಿಟ್ಟುಕೊಳ್ಳುತ್ತದೆ.

ಊಹೆಯ ರಿಪೇರಿ ಬಾಳುತ್ತಿರುವುದೂ ಇದರಿಂದಲೇ. ಹೊಸ ಕಾಯಿಲ್ ಹಾಕಿದ ಮೇಲೆ ಗಾಡಿ ನಾಲ್ಕು ದಿನ ಚೆನ್ನಾಗಿ ಓಡುತ್ತದೆ. "ನೋಡ್ರಿ, ಅದ ಇತ್ತು" ಅನ್ನುತ್ತಾರೆ. ಆದರೆ ಕಾಯಿಲ್ ಬಿಚ್ಚಿ ಹಾಕುವಾಗ ಸಡಿಲವಿದ್ದ ಕಪ್ಲರ್ ಗಟ್ಟಿಯಾಗಿ ಕೂತಿರಬಹುದು. ಅಥವಾ ದೋಷ ತಾನಾಗಿಯೇ ನಾಲ್ಕು ದಿನ ಸುಮ್ಮನಿದ್ದಿರಬಹುದು. ಐದನೇ ದಿನ ಮತ್ತೆ ಜರ್ಕ್ ಬಂದಾಗ ಹಳೇ ಕಾಯಿಲ್ ಗುಜರಿ ಸೇರಿರುತ್ತದೆ.

ಹಾಗಾದರೆ ದಾರಿ ಯಾವುದು? 2020ರ ಏಪ್ರಿಲ್ 1ರ ನಂತರ ಮಾರಾಟವಾದ ಬಿಎಸ್-6 ಗಾಡಿಗಳಲ್ಲಿ, ಅದಕ್ಕಿಂತ ಹಿಂದಿನ ಹಲವು ಗಾಡಿಗಳಲ್ಲೂ, ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರ್ ಹಚ್ಚುವ ಜಾಗ ಅದು. ಪೆಟ್ರೋಲ್ ಗಾಡಿಯಲ್ಲಿ ಪಿ0301 ಬಂದರೆ ಒಂದನೇ ಸಿಲಿಂಡರ್ ಮಿಸ್, ಪಿ0302 ಬಂದರೆ ಎರಡನೆಯದು, ಪಿ0300 ಬಂದರೆ ಯಾವುದೋ ಒಂದರಲ್ಲಿ ಅಂತಿಲ್ಲ, ಬೇರೆ ಬೇರೆ ಸಿಲಿಂಡರುಗಳಲ್ಲಿ. ದೋಷ ಬಂದ ಕ್ಷಣದಲ್ಲಿ ಗಾಡಿಯ ವೇಗ ಎಷ್ಟಿತ್ತು, ಎಂಜಿನ್ ಕಾವು ಎಷ್ಟಿತ್ತು ಎಂಬುದೂ ಅದರಲ್ಲಿ ದಾಖಲಾಗಿರುತ್ತದೆ. ಮೊದಲೇ ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ವೈರ್ ಬಿಚ್ಚಿದರೆ ಈ ಸಾಕ್ಷಿ ಹೋಗುತ್ತದೆ. ಹಾಗಾಗಿ ಅಳಿಸುವ ಮೊದಲು ನಿಮ್ಮ ಫೋನಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ.

ಆದರೆ ಕೋಡ್ ಹೇಳುವುದು ಸಿಲಿಂಡರನ್ನು, ಕೆಟ್ಟ ಸಾಮಾನನ್ನಲ್ಲ. ಸಾಮಾನು ಹಿಡಿಯಲು ಪರೀಕ್ಷೆ ಬೇಕು. ಎರಡನೇ ಸಿಲಿಂಡರಿನ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಕಾಯಿಲ್ ಚೆನ್ನಾಗಿದೆ. ಮುಂದೆ ಪ್ಲಗ್, ವೈರಿಂಗ್, ಇಂಜೆಕ್ಟರ್, ಕೊನೆಗೆ ಕಂಪ್ರೆಷನ್ ನೋಡಬೇಕು. ಇದಕ್ಕೆ ಒಂದು ರೂಪಾಯಿಯ ಹೊಸ ಸಾಮಾನೂ ಬೇಡ.

ಡೀಸೆಲ್ ಗಾಡಿಯಾದರೆ ಮೊದಲು ಫಿಲ್ಟರಿನ ನೀರು ಬಸಿದು ನೋಡಬೇಕು. ನಂತರ ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಬಾಟ್ಲಿ ಹಚ್ಚಿ ಎಂಜಿನ್ ಓಡಿಸಿದರೆ, ಯಾವುದರಿಂದ ಡೀಸೆಲ್ ಹೆಚ್ಚು ವಾಪಸ್ ಬರುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ನಾಲ್ಕೂ ಇಂಜೆಕ್ಟರ್ ಬದಲಿಸಿ ಎನ್ನುವವರನ್ನು "ಈ ಪರೀಕ್ಷೆ ಮಾಡೀರೇನು?" ಎಂದು ಕೇಳಿ. ಒಂದು ಎಚ್ಚರಿಕೆ: ಹಳೇ ಎಂಜಿನ್ನುಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಮಿಸ್ ಹಿಡಿಯುತ್ತಿದ್ದರು. ಕಾಮನ್ ರೈಲ್ ಎಂಜಿನ್ನಿನಲ್ಲಿ ಅದನ್ನು ಮಾಡಲೇಬಾರದು. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಇಷ್ಟು ಹೇಳಿ ಮಿಸ್ತ್ರಿಗಳನ್ನಷ್ಟೇ ಬೈದರೆ ಅದು ಅನ್ಯಾಯ. ಎರಡು ತಾಸು ಎಂಜಿನ್ನಿನಲ್ಲಿ ತಲೆ ಹಾಕಿ ಕಡಿದ ವೈರ್ ಹುಡುಕಿದ ಮಿಸ್ತ್ರಿ 500 ರೂಪಾಯಿ ಕೇಳಿದರೆ ನಾವೇ "ಒಂದ್ ವೈರ್ ಹಚ್ಚಾಕ ಐನೂರೇನಪಾ?" ಅನ್ನುತ್ತೇವೆ. ಅದೇ ಐದು ಸಾವಿರದ ಸಾಮಾನಿನ ಡಬ್ಬಿ ತೋರಿಸಿದರೆ ಸುಮ್ಮನೆ ಕೊಟ್ಟು ಬರುತ್ತೇವೆ. ತಲೆಗೆ ಕೂಲಿ ಕೊಡದ ಊರಿನಲ್ಲಿ ಮಿಸ್ತ್ರಿ ಸಾಮಾನು ಮಾರಿಯೇ ಬದುಕಬೇಕು. ಪರೀಕ್ಷೆಗೆ ಬೇರೆ ಕೂಲಿ ಕೊಡುವುದನ್ನು ಮಾಲೀಕರು ಕಲಿಯಬೇಕು.

ಕಂಪನಿಗಳ ಪಾಲು ಇನ್ನೂ ದೊಡ್ಡದು. ಕೋಡ್ ಓದುವ ಸಣ್ಣ ಸ್ಕ್ಯಾನರ್ ಯಾರಾದರೂ ಕೊಳ್ಳಬಹುದು. ಆದರೆ ಹಲವು ಡೀಸೆಲ್ ಗಾಡಿಗಳಲ್ಲಿ ಹೊಸ ಇಂಜೆಕ್ಟರ್ ಹಾಕಿದ ಮೇಲೆ ಅದರ ನಂಬರನ್ನು ಗಾಡಿಯ ಕಂಪ್ಯೂಟರಿಗೆ ತುಂಬಬೇಕು, ಅದಕ್ಕೆ ದೊಡ್ಡ ಉಪಕರಣ ಬೇಕು. ಕೈಯಲ್ಲಿ ವಿದ್ಯೆ ಇದ್ದ ಮಿಸ್ತ್ರಿಯೂ ಅಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ, ಗಾಡಿ ಹುಬ್ಬಳ್ಳಿಯ ದಾರಿ ಹಿಡಿಯುತ್ತದೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿ, ಬಿಡಿಭಾಗ ಮತ್ತು ತಪಾಸಣೆ ಉಪಕರಣಗಳು ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು ಹೇಳಿತು. ಕಂಪನಿಗಳು ಮೇಲ್ಮನವಿಗೆ ಹೋದವು. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಡಿಸೆಂಬರಿನಲ್ಲಿ 'ರಿಪೇರಿ ಹಕ್ಕು' ಪೋರ್ಟಲ್ ತೆರೆಯಿತು. ಪೋರ್ಟಲ್ ತೆರೆದ ಮಾತ್ರಕ್ಕೆ ಶಿರಹಟ್ಟಿಯ ಮಿಸ್ತ್ರಿಯ ಕೈಗೆ ಉಪಕರಣ ಬರುವುದಿಲ್ಲ. ನಮ್ಮ ತಾಲ್ಲೂಕುಗಳ ಐಟಿಐಗಳಲ್ಲಿ ಒಳ್ಳೆಯ ಸ್ಕ್ಯಾನರ್ ಇಟ್ಟು, ವಾರಕ್ಕೊಂದು ದಿನ ಊರ ಮಿಸ್ತ್ರಿಗಳಿಗೆ ಬಳಸಲು ಬಿಟ್ಟು, ಕಲಿಸಿಕೊಡಲಿ. ಶಾಸಕರು ಮತ ಕೇಳಲು ಬಂದಾಗ ಇದನ್ನೂ ಕೇಳಬೇಕು.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಜರ್ಕ್ ಬಂದಾಗಲೆಲ್ಲ ಬರೆದಿಡಿ: ಎಂಜಿನ್ ತಣ್ಣಗಿತ್ತೋ ಬಿಸಿಯೋ, ಏರೋ ಸಪಾಟೋ, ಮಳೆ ಇತ್ತೋ, ಹಿಂದಿನ ದಿನ ಎಲ್ಲಿ ಇಂಧನ ಹಾಕಿಸಿದ್ದಿರಿ. ಆ ಹಾಳೆಯನ್ನು ಮಿಸ್ತ್ರಿಗೆ ಕೊಡಿ, ಏರಿನಲ್ಲಿ ಜೊತೆಗೇ ಕರೆದೊಯ್ದು ತೋರಿಸಿ. ಪೆಟ್ರೋಲ್ ಗಾಡಿಯ ಎಂಜಿನ್ ಲೈಟ್ ಮಿಣುಕತೊಡಗಿದರೆ ಜೋರು ಓಡಿಸಬೇಡಿ. ಉರಿಯದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ. ಯಾವ ಪರೀಕ್ಷೆಯಿಂದ ದೋಷ ಗೊತ್ತಾಯಿತು ಎಂದು ಕೇಳಿ. ಬಿಲ್ ತೆಗೆದುಕೊಳ್ಳಿ, ಹಳೇ ಸಾಮಾನು ವಾಪಸ್ ಪಡೆಯಿರಿ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವೂ ಇಲ್ಲ, ಆದರೆ ಬಿಲ್ ಇಲ್ಲದೆ ಹೋದರೆ ನಿಮ್ಮ ಮಾತು ನಿಲ್ಲುವುದು ಕಷ್ಟ.