ಟೈಲ್ಸಿನ ಅಡಿಯ ಕೆಲಸ

ನಮ್ಮವರಲ್ಲಿ ಅನೇಕರು ಹೊಟೇಲಿನ ಒಲೆಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ಆಯುಷ್ಯದ ಬಹುಭಾಗವನ್ನು ಕಳೆದು, ಡೊಂಬಿವಲಿ, ಕಲ್ಯಾಣ, ವಿರಾರಗಳ ಕಡೆ ಒಂದು ಕೋಣೆ, ಒಂದು ಅಡುಗೆಮನೆಯ ಸ್ವಂತ ಬಿಡಾರವನ್ನು ಮಾಡಿಕೊಂಡಿದ್ದಾರೆ. ಅಂತಹ ಮನೆಯಲ್ಲಿ ಮೊದಲು ಕೆಡುವ ಭಾಗ ಬಚ್ಚಲು. ಹಳೆಯ ಟೈಲ್ಸ್ ಕಿತ್ತು ಹೊಸದನ್ನು ಹಾಕಿಸುವ ಪ್ರಸಂಗ ಒದಗಿದಾಗ, ಬಣ್ಣವನ್ನೂ ಚಿತ್ತಾರವನ್ನೂ ಆರಿಸುವುದಕ್ಕೆ ಇಡೀ ಕುಟುಂಬ ಒಂದು ಭಾನುವಾರವನ್ನು ಮೀಸಲಿಡುತ್ತದೆ. ಆದರೆ ಆ ಟೈಲ್ಸ್ ಕೂರಬೇಕಾದ ನೆಲ, ಗೋಡೆಗಳನ್ನು ಹೇಗೆ ಸಿದ್ಧಪಡಿಸುತ್ತೀರಿ ಎಂದು ಮಿಸ್ತ್ರಿಯನ್ನು ಕೇಳುವವರು ವಿರಳ. ಈ ಕ್ರಮ ತಲೆಕೆಳಗಾದುದೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಟೈಲ್ಸ್ ಹಾಕಿದರೆ ನೀರು ಇಳಿಯುವುದಿಲ್ಲವೆಂಬ ನಂಬಿಕೆಯೇ ಈ ಅನರ್ಥಕ್ಕೆ ಮೂಲ. ಟೈಲ್ಸು ನೀರನ್ನು ತಡೆದರೂ, ಎರಡು ಟೈಲ್ಸುಗಳ ನಡುವಿನ ಸಂದು ಅದನ್ನು ಸಂಪೂರ್ಣವಾಗಿ ತಡೆಯಲಾರದು. ಸಂದಿಗೆ ತುಂಬಿದ ಬಿಳಿ ಸಿಮೆಂಟು ಕಾಲಕ್ರಮದಲ್ಲಿ ಬಿರಿಯುತ್ತದೆ. ಅಲ್ಲಿಂದ ಇಳಿದ ನೀರು ಸ್ಲ್ಯಾಬಿನ ಒಳಗಿನ ಕಬ್ಬಿಣವನ್ನು ಮುಟ್ಟುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬಿದಾಗ ಕಾಂಕ್ರೀಟು ಒಡೆದು, ಕೆಳಮನೆಯವರ ಚಾವಣಿ ಚಕ್ಕೆಚಕ್ಕೆಯಾಗಿ ಬೀಳುತ್ತದೆ. ಕೆಳಗೆ ಮಲಗುವವರಲ್ಲಿ ಮಕ್ಕಳೂ ಮುದುಕರೂ ಇದ್ದಾರೆ. ಆದುದರಿಂದ ನೀರನ್ನು ತಡೆಯಬೇಕಾದುದು ಟೈಲ್ಸ್ ಅಲ್ಲ, ಅದರ ಅಡಿಯ ಕೆಲಸ.

ಆ ಕೆಲಸದ ಸ್ವರೂಪವನ್ನು ನಮ್ಮ ವಾಚಕರು ತಿಳಿದಿರುವುದು ಅಗತ್ಯ. ಹೆಚ್ಚಿನ ಕಟ್ಟಡಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಕೋಣೆಯ ಸ್ಲ್ಯಾಬಿಗಿಂತ ತಗ್ಗಿಸಿ, ಆ ತಗ್ಗಿನಲ್ಲಿ ಕೊಳವೆಗಳನ್ನು ಹಾಯಿಸಿ, ಇಟ್ಟಿಗೆಚೂರು ಮತ್ತು ಸಿಮೆಂಟಿನಿಂದ ತುಂಬುವುದು ರೂಢಿ. ಮುಂಬಯಿಯ ಮಿಸ್ತ್ರಿಗಳು ಇದನ್ನು ‘ಕೋಬಾ’ ಎನ್ನುತ್ತಾರೆ. ಹಾಗೆ ತುಂಬುವ ಮೊದಲು ಸ್ಲ್ಯಾಬನ್ನು ಕಸ, ಧೂಳು, ಸಡಿಲ ಗಾರೆ ಇಲ್ಲದಂತೆ ತೊಳೆಯಬೇಕು. ಕೊಳವೆ ಹೊರಬೀಳುವ ರಂಧ್ರದ ಸುತ್ತಲೂ, ನೆಲ ಗೋಡೆಗಳು ಕೂಡುವ ಮೂಲೆಯಲ್ಲೂ ಗಾರೆಯನ್ನು ದುಂಡಗೆ ಒತ್ತಿ ಮುಚ್ಚಬೇಕು. ಅನಂತರ ನೀರುತಡೆಯ ಲೇಪವನ್ನು ಎರಡು ಸಲ ಬಳಿದು, ಗೋಡೆಯ ಮೇಲೂ ಒಂದು ಅಡಿಯವರೆಗೆ ಏರಿಸಬೇಕು. ಮೊದಲ ಲೇಪ ಒಣಗಿದ ಮೇಲೆಯೇ ಎರಡನೆಯದು.

ಇದಾದ ಮೇಲೆ ಪರೀಕ್ಷೆ. ನೀರು ಹೋಗುವ ಬಾಯಿಯನ್ನು ಬಿಗಿದು ಎರಡು ಅಂಗುಲ ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ, ಕನಿಷ್ಠ 24 ಗಂಟೆ, ಸಾಧ್ಯವಾದರೆ 48 ಗಂಟೆ ಬಿಡಬೇಕು. ಕೆಳಮನೆಯವರನ್ನು ವಿನಂತಿಸಿ ಅವರ ಚಾವಣಿಯನ್ನು ಪರೀಕ್ಷೆಗೆ ಮುನ್ನವೂ ಅನಂತರವೂ ನೋಡಬೇಕು. ತೇವ ಕಂಡರೆ ಈಗಲೇ ಸರಿಪಡಿಸಬಹುದು. ಟೈಲ್ಸ್ ಕೂತ ಮೇಲೆ ಕಂಡರೆ ಎಲ್ಲವನ್ನೂ ಒಡೆಯಬೇಕು. ನೆಲದ ಇಳಿಜಾರನ್ನೂ ಈ ಅಡಿಪದರದಲ್ಲಿಯೇ ಮಾಡತಕ್ಕದ್ದು. ಮೀಟರಿಗೆ 10ರಿಂದ 12 ಮಿ.ಮೀ., ಅಂದರೆ 4 ಅಡಿಯ ಬಚ್ಚಲಿಗೆ ಸುಮಾರು ಅರ್ಧ ಅಂಗುಲ ಇಳಿಜಾರು ಸಾಕು.

ಗೋಡೆಯ ವಿಷಯದಲ್ಲಿಯೂ ಇದೇ ನ್ಯಾಯ. ಹಳೆಯ ಗಾರೆಯನ್ನು ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಕಿತ್ತುಹಾಕಬೇಕು. ಗೋಡೆಯೊಳಗಿನ ನಲ್ಲಿಯ ಕೊಳವೆಗಳಿಗೆ ಒತ್ತಡದ ನೀರು ಬಿಟ್ಟು, ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಹೊಸ ಗಾರೆ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಆ ಗಾರೆಯನ್ನು ನುಣುಪು ಮಾಡದೆ ಒರಟಾಗಿಯೇ ಬಿಟ್ಟು, ತೂಗುಗುಂಡಿನಿಂದ ನೇರ ನೋಡಿ, 7 ದಿನ ನೀರುಣಿಸಬೇಕು. ಹಿಟ್ಟು ಹುದುಗುವ ಮುನ್ನ ದೋಸೆ ಹೊಯ್ದರೆ ಏನಾಗುವುದೆಂದು ನಮ್ಮ ಹೊಟೇಲು ಬಂಧುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಲಿಯದ ಗಾರೆಯ ಮೇಲೆ ಟೈಲ್ಸ್ ಹಚ್ಚುವುದೂ ಅಂತಹುದೇ. ಸ್ನಾನದ ನೀರು ಸಿಡಿಯುವ ಗೋಡೆಗೆ 6 ಅಡಿಗೆ ಕಡಿಮೆಯಿಲ್ಲದಂತೆ ನೀರುತಡೆಯ ಲೇಪ ಬೇಕು. ಇಂದು ಮಾರಾಟವಾಗುವ ವಿಟ್ರಿಫೈಡ್ ಟೈಲ್ಸು ನೀರನ್ನು ಹೀರುವುದು ಅತ್ಯಲ್ಪವಾದುದರಿಂದ ಬರಿಯ ಸಿಮೆಂಟಿನ ತಿಳಿ ಅದಕ್ಕೆ ಚೆನ್ನಾಗಿ ಹಿಡಿಯುವುದಿಲ್ಲ. ಅದಕ್ಕೆಂದೇ ಮಾಡಿದ ಅಂಟನ್ನು ಹಿಂಭಾಗಕ್ಕೆಲ್ಲ ಹರಡಿ ಕೂರಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಇಟ್ಟು ಒತ್ತಿದರೆ ಒಳಗೆ ಟೊಳ್ಳು ಉಳಿದು, ನೀರು ಅಲ್ಲಿಯೇ ನೆಲೆಸುತ್ತದೆ.

ಇಷ್ಟು ತಿಳಿದ ಮಿಸ್ತ್ರಿಗಳು ನಮ್ಮ ನಗರದಲ್ಲಿ ಇಲ್ಲವೆಂದಲ್ಲ. ಆದರೂ ಕೆಲಸ ಏಕೆ ಕೆಡುತ್ತದೆ? ನಾವು ಕೂಲಿಯನ್ನು ಲೆಕ್ಕಹಾಕುವ ರೀತಿಯಿಂದ ಎಂಬುದೇ ನಮ್ಮ ಉತ್ತರ. ಟೈಲ್ಸಿನ ಚದರಡಿಗೆ ಇಷ್ಟೆಂದು ದರ ಕಟ್ಟಿದಾಗ, ಕಣ್ಣಿಗೆ ಕಾಣುವ ಕೆಲಸಕ್ಕೆ ಮಾತ್ರ ಹಣ ಸಂದು, ಅಡಿಯ ಕೆಲಸ ಪುಕ್ಕಟೆಯಾಗುತ್ತದೆ. ಪುಕ್ಕಟೆಯ ಕೆಲಸಕ್ಕೆ ಯಾವ ದುಡಿಮೆಗಾರನೂ ಏಳು ದಿನ ಕಾಯಲಾರ. ಅವನೂ ನಮ್ಮಂತೆಯೇ ದೂರದ ಊರಿನಿಂದ ಹೊಟ್ಟೆಪಾಡಿಗೆ ಬಂದವನು. ಆದುದರಿಂದ ಗಾರೆ, ಲೇಪ, ನೀರಿನ ಪರೀಕ್ಷೆ ಇವುಗಳಿಗೆ ಕರಾರಿನಲ್ಲಿ ಪ್ರತ್ಯೇಕ ಬಾಬು ತೋರಿಸಿ, ಪರೀಕ್ಷೆ ಮುಗಿದ ದಿನವೇ ಆ ಹಣವನ್ನು ಸಲ್ಲಿಸಬೇಕೆಂದು ನಾವು ಸೂಚಿಸುತ್ತೇವೆ. ಲೆಕ್ಕ ಬರೆಯುವ ಕಾರಕೂನ ಬಂಧುಗಳಿಗೆ ಇದು ಕಷ್ಟದ ಮಾತಲ್ಲ.

ಒಂದೇ ಬಚ್ಚಲಿನ ಮನೆಯಲ್ಲಿ ಹದಿನೈದು ದಿನ ಸ್ನಾನ ಮಾಡುವುದೆಲ್ಲಿ, ಇಷ್ಟು ಹಣ ತರುವುದೆಲ್ಲಿಂದ ಎಂಬ ಪ್ರಶ್ನೆ ಏಳುವುದು ಸಹಜ; ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಮನೆಯವರು ಊರಿಗೆ ಹೋಗುವುದು ನಮ್ಮಲ್ಲಿ ರೂಢಿಯಷ್ಟೆ? ಕೆಲಸಕ್ಕೆ ಅದೇ ತಕ್ಕ ಕಾಲ. ಮಳೆಗಾಲಕ್ಕೆ ಮುಂಚೆ ಮುಗಿಯುವ ಅನುಕೂಲವೂ ಉಂಟು. ಹಣ ಸಾಲದಿದ್ದರೆ ಟೈಲ್ಸಿನ ಬೆಲೆಯಲ್ಲಿ ಇಳಿಯಿರಿ, ಅಡಿಯ ಕೆಲಸದಲ್ಲಿ ಇಳಿಯಬೇಡಿ. ಅಗ್ಗದ ಸಾದಾ ಟೈಲ್ಸು ಒಳ್ಳೆಯ ಗಾರೆಯ ಮೇಲೆ ಬಹುಕಾಲ ಬಾಳುತ್ತದೆ. ದುಬಾರಿ ಟೈಲ್ಸು ಕೆಟ್ಟ ಗಾರೆಯ ಮೇಲೆ ಬಾಳುವುದಿಲ್ಲ.

ಕಾನೂನಿನ ಮಾತೂ ಇದೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪನಿಯಮಗಳಂತೆ, ಮಳೆಯ ನೀರಿನ ಮತ್ತು ಹೊರಗಿನ ಸಾಮಾನ್ಯ ಕೊಳವೆಯ ಸೋರಿಕೆ ಸಂಘದ ಹೊಣೆಯಾದರೆ, ಮನೆಯೊಳಗಿನ ಬಚ್ಚಲು, ಶೌಚಗಳ ಸೋರಿಕೆ ಸದಸ್ಯನ ಹೊಣೆ. ಹೊಸ ಮನೆ ಕೊಂಡವರಿಗೆ 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆಯ 14ನೆಯ ಕಲಮು ಒಂದು ರಕ್ಷಣೆ ನೀಡಿದೆ: ಸ್ವಾಧೀನ ಕೊಟ್ಟ ಐದು ವರ್ಷಗಳೊಳಗೆ ಕೆಲಸದ ದೋಷವನ್ನು ತಿಳಿಸಿದರೆ, ಕಟ್ಟಿಸಿದವರು 30 ದಿನಗಳಲ್ಲಿ ವೆಚ್ಚವಿಲ್ಲದೆ ಸರಿಪಡಿಸಿಕೊಡಬೇಕು. ಅಂತಹವರು ತಾವೇ ಒಡೆಯಲು ಹೊರಡುವ ಮೊದಲು ಲಿಖಿತವಾಗಿ ದೂರು ಕೊಡುವುದು ಜಾಣತನ.

ಮಹಡಿಯ ಮನೆಯಲ್ಲಿ ಒಬ್ಬರ ನೆಲವೇ ಇನ್ನೊಬ್ಬರ ಚಾವಣಿ. ತಮ್ಮ ಬಚ್ಚಲಿನ ಅಡಿಯನ್ನು ಭದ್ರಪಡಿಸಿದವನು ನೆರೆಯವನ ಮನೆಯನ್ನೂ ಕಾಯ್ದಂತಾಯಿತು. ಈ ಬೇಸಗೆಯಲ್ಲಿ ದುರಸ್ತಿಗೆ ತೊಡಗುವ ನಮ್ಮ ಬಂಧುಗಳು ಟೈಲ್ಸಿನ ಅಂಗಡಿಗೆ ಹೋಗುವ ಮುನ್ನ ಮಿಸ್ತ್ರಿಯೊಡನೆ ಕುಳಿತು ಈ ಮಾತುಗಳನ್ನು ಇತ್ಯರ್ಥ ಮಾಡಿಕೊಳ್ಳುವರೆಂದು ನಾವು ಆಶಿಸುತ್ತೇವೆ.