ಗ್ರಂಥವೇ ಗಂಟಾದಾಗ

ಜೈನ ಮುನಿಯನ್ನು ನಿರ್ಗ್ರಂಥನೆಂದು ಕರೆಯುವುದುಂಟು. ಇಲ್ಲಿ ಗ್ರಂಥವೆಂದರೆ ಗಂಟು. ಒಳಗಿನ ಕಷಾಯಗಳೂ ಹೊರಗಿನ ಸ್ವತ್ತುಗಳೂ ಆತ್ಮವನ್ನು ಬಿಗಿಯುವ ಗಂಟುಗಳೇ. ಅವನ್ನು ಕಳಚಿದವನು ನಿರ್ಗ್ರಂಥ. ಆದರೂ ದಿಗಂಬರ ಮುನಿಯ ಬಳಿ ಪಿಂಛಿ, ಕಮಂಡಲುಗಳೊಡನೆ ಶಾಸ್ತ್ರವೊಂದು ಇರಬಹುದು. ಪಿಂಛಿ ಸಂಯಮದ ಉಪಕರಣ, ಕಮಂಡಲು ಶೌಚದ ಉಪಕರಣ, ಶಾಸ್ತ್ರ ಜ್ಞಾನದ ಉಪಕರಣ. ಉಟ್ಟ ಬಟ್ಟೆಯನ್ನೂ ತೊರೆದವನಿಗೆ ಪುಸ್ತಕ ಸಲ್ಲುವುದು ಅದು ಓದಿಗೆ ಒದಗುತ್ತದೆಂಬ ಕಾರಣದಿಂದ ಮಾತ್ರ. ಓದು ಮುಗಿದ ಮೇಲೂ ಅದು ತನ್ನದೆಂಬ ಭಾವ ಉಳಿದರೆ ಉಪಕರಣವೇ ಪರಿಗ್ರಹವಾಗುತ್ತದೆ.

ಪುಸ್ತಕಪೇಟೆಯಲ್ಲಿ ಸೀಮಿತ ಆವೃತ್ತಿ ಎಂಬುದೊಂದಿದೆ. ಇಷ್ಟೇ ಪ್ರತಿಗಳೆಂದು ಮೊದಲೇ ಸಾರಿ, ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ, ಲೇಖಕನ ಹಸ್ತಾಕ್ಷರ ಮಾಡಿಸಿ, ಹಾಳೆಗಳ ಅಂಚಿಗೆ ಹೊನ್ನಿನ ಬಣ್ಣವೇರಿಸಿ ದುಬಾರಿ ಬೆಲೆಗೆ ಮಾರುತ್ತಾರೆ. (ಇವುಗಳಲ್ಲಿ ಹಲವಕ್ಕೆ ಕರುವಿನ ಅಥವಾ ಆಡಿನ ಚರ್ಮದ ರಟ್ಟು ಇರುತ್ತದೆ. ಅಹಿಂಸಾವ್ರತಿಯಾದ ಶ್ರಾವಕನಿಗೆ ಅಷ್ಟೇ ಸಾಕು, ಮುಂದಿನ ವಿಚಾರವೇ ಬೇಡ.) ಕೊಂಡವರಲ್ಲಿ ಕೆಲವರು ಮೇಲುಹೊದಿಕೆಯನ್ನೂ ಬಿಚ್ಚುವುದಿಲ್ಲ, ಬಿಚ್ಚಿದರೆ ಬೆಲೆ ಇಳಿದೀತೆಂಬ ಭಯ. ಓದುವ ಮನಸ್ಸಾದರೆ ಅದೇ ಕೃತಿಯ ಅಗ್ಗದ ಪ್ರತಿಯನ್ನು ತರಿಸಿಕೊಳ್ಳುತ್ತಾರೆ. ಓದಬಯಸುವವನಿಗೆ ಬೇಕಾದದ್ದು ಆ ಅಗ್ಗದ ಪ್ರತಿಯಲ್ಲಿ ಪೂರ್ತಿಯಾಗಿ ಇತ್ತು. ಹಾಗಾದರೆ ಹೆಚ್ಚಿನ ಹಣ ತೆತ್ತು ಪಡೆದದ್ದೇನು?

ಪಡೆದದ್ದು, ಉಳಿದವರ ಬಳಿ ಇಲ್ಲವೆಂಬ ತೃಪ್ತಿಯನ್ನು. ಗೃಹಸ್ಥನ ಪಂಚಾಣುವ್ರತಗಳಲ್ಲಿ ಪರಿಗ್ರಹ ಪರಿಮಾಣವೂ ಒಂದು. ಇಷ್ಟಕ್ಕಿಂತ ಹೆಚ್ಚು ತನಗೆ ಬೇಡವೆಂದು ಶ್ರಾವಕ ತಾನೇ ಗೆರೆ ಎಳೆದುಕೊಳ್ಳುತ್ತಾನೆ. ಸೀಮಿತ ಆವೃತ್ತಿಯಲ್ಲೂ ಸೀಮೆ ಇದೆ, ಆದರೆ ಅದನ್ನು ಎಳೆದಿರುವುದು ಇತರರ ಮುಂದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ ಮೂರ್ಛೆಯಲ್ಲಿ, ಎಂದರೆ ಮಮಕಾರದಲ್ಲಿ ಗುರುತಿಸಿದ್ದಾರೆ. ಸಾವಿರ ಪುಸ್ತಕಗಳಿರುವ ಮನೆಯಲ್ಲಿ ಪರಿಗ್ರಹ ಅಲ್ಪವಿದ್ದೀತು, ಕ್ರಮಸಂಖ್ಯೆಯಿರುವ ಒಂದೇ ಪ್ರತಿಯಲ್ಲಿ ಅಪಾರವಿದ್ದೀತು.

ಕನ್ನಡ ನಾಡು ಇದಕ್ಕೆ ಎದುರಾದ ದಾರಿಯನ್ನು ಸಾವಿರ ವರ್ಷಗಳ ಹಿಂದೆಯೇ ಕಂಡಿದೆ. 10ನೆಯ ಶತಮಾನದ ಉತ್ತರಾರ್ಧದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅಚ್ಚುಯಂತ್ರವಿಲ್ಲದ ಕಾಲ, ಒಂದೊಂದು ಗರಿಯನ್ನೂ ಲಿಪಿಕಾರ ಕಂಟದಿಂದ ಕೊರೆಯಬೇಕು. ಆಕೆಯ ಸಿರಿಗೆ ರತ್ನಖಚಿತವಾದ ಒಂದೇ ಪ್ರತಿಯನ್ನು ಮಾಡಿಸಿಟ್ಟುಕೊಳ್ಳುವುದು ಹಗುರವಾಗಿತ್ತು. ಆಹಾರ, ಔಷಧ, ಅಭಯಗಳ ಸಾಲಿನಲ್ಲಿ ಶಾಸ್ತ್ರದಾನವನ್ನು ಎಣಿಸುವ ಪರಂಪರೆಯಲ್ಲಿ ಬೆಳೆದವಳಿಗೆ ಅಪರೂಪವೆಂಬುದು ಕೃತಿಯ ಹಿರಿಮೆಯಾಗಿ ತೋರಲಿಲ್ಲ, ನೀಗಬೇಕಾದ ಕೊರತೆಯಾಗಿ ತೋರಿತು.

ಹಾಗೆಂದು ಕಾಪಿಡುವುದೆಲ್ಲ ಲೋಭವೆನ್ನಲಾಗದು. ಧರಸೇನಾಚಾರ್ಯರಿಂದ ಕಲಿತು ಪುಷ್ಪದಂತ, ಭೂತಬಲಿಗಳು ರಚಿಸಿದ ಷಟ್ಖಂಡಾಗಮ, ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಇವುಗಳ ತಾಳೆಗರಿ ಪ್ರತಿಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಉಳಿದುಬಂದವು. ಬೇರೆಡೆ ನಶಿಸಿದ್ದು ಅಲ್ಲಿ ಉಳಿದದ್ದು ಕಾಯ್ದವರ ಭಕ್ತಿಯಿಂದಲೇ. ಆ ಋಣವನ್ನು ಮರೆಯಲಾಗದು. ಆದರೆ ಶತಮಾನಗಳ ಕಾಲ ಆ ಗರಿಗಳಿಗೆ ಸಂದದ್ದು ದರ್ಶನ ಮತ್ತು ಪೂಜೆ. ದೂರದ ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಒಳಗೆ ಏನು ಬರೆದಿದೆಯೆಂದು ಬಲ್ಲವರು ವಿರಳ. 19ನೆಯ ಶತಮಾನದ ಕೊನೆಗೆ ನಕಲು ಕಾರ್ಯ ಆರಂಭವಾಯಿತು. ಪ್ರತಿಗಳು ಹೊರಗೆ ಹೋಗಬಾರದೆಂಬ ಅಳುಕು, ಹೋಗಲೇಬೇಕೆಂಬ ಹಂಬಲ ಇವೆರಡರ ನಡುವೆ ಅದು ದಶಕಗಳ ಕಾಲ ಸಾಗಿತು. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಒಟ್ಟು 16 ಸಂಪುಟಗಳು ಬಂದವು. ಅಚ್ಚಾದ್ದರಿಂದ ಮೂಡುಬಿದಿರೆಯ ಗರಿಗಳ ಪಾವಿತ್ರ್ಯ ಎಳ್ಳಷ್ಟೂ ಕುಂದಲಿಲ್ಲ. ಕೂಡಿಡುವವನು ಅಂಜುವ ನಷ್ಟ ಜ್ಞಾನದ ವಿಷಯದಲ್ಲಿ ಸಂಭವಿಸುವುದೇ ಇಲ್ಲ.

ಕರ್ಮಸಿದ್ಧಾಂತ ಇಲ್ಲಿ ಇನ್ನೂ ಕಠಿಣವಾಗಿದೆ. ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಹೇಳಿರುವ ಕಾರಣಗಳಲ್ಲಿ ಮಾತ್ಸರ್ಯ ಮತ್ತು ಅಂತರಾಯ ಸೇರಿವೆ: ತಿಳಿದದ್ದನ್ನು ಅರ್ಹನಿಗೆ ಕೊಡದಿರುವುದು, ಇನ್ನೊಬ್ಬನ ಅರಿವಿಗೆ ಅಡ್ಡಿಯಾಗುವುದು. ಬೇರೆಲ್ಲೂ ಸಿಗದ ಗ್ರಂಥವನ್ನು ಬೀಗದೊಳಗಿಟ್ಟವನು ಮುಚ್ಚಿಕೊಳ್ಳುವುದು ತನ್ನ ಅರಿವನ್ನೇ. ಈ ಮಾತು ಶ್ರೀಮಂತ ಸಂಗ್ರಾಹಕನೊಬ್ಬನಿಗೇ ಅನ್ವಯಿಸುವುದಲ್ಲ. ರಿಯಾಯಿತಿಯಲ್ಲಿ ಕೊಂಡ ಪುಸ್ತಕಗಳನ್ನು ಓದದೆ ಪೇರಿಸಿ, ನೆರೆಯವನು ಕೇಳಿದರೆ ಕೊಡಲು ಹಿಂಜರಿಯುವ ಬಡ ಓದುಗನಿಗೂ ಅನ್ವಯಿಸುತ್ತದೆ. ಸ್ವಾಧ್ಯಾಯ ಅಂತರಂಗ ತಪಸ್ಸುಗಳಲ್ಲಿ ಒಂದು. ಪುಸ್ತಕ ಖರೀದಿ ಯಾವ ತಪಸ್ಸೂ ಅಲ್ಲ.

ಷಟ್ಖಂಡಾಗಮ ಪೂರ್ಣಗೊಂಡ ನೆನಪಿಗೆ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಅಂದು ಬಸದಿಗಳಲ್ಲಿ ಶಾಸ್ತ್ರಗಳನ್ನು ಹೊರತೆಗೆದು, ಧೂಳು ಒರೆಸಿ, ಪೂಜಿಸಿ, ಹೊಸ ವಸ್ತ್ರ ಸುತ್ತುವ ರೂಢಿಯಿದೆ. ಹಳೆಯ ವಸ್ತ್ರ ಬಿಚ್ಚಿದ ಮೇಲೆ, ಹೊಸದನ್ನು ಸುತ್ತುವ ಮುನ್ನ, ಗ್ರಂಥ ಸ್ವಲ್ಪ ಹೊತ್ತು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಒಂದು ಪುಟವನ್ನಾದರೂ ಓದುವವರು ಪ್ರತಿ ವರ್ಷವೂ ಒಬ್ಬಿಬ್ಬರು ಇರುತ್ತಾರೆ.