ಕೂಸು ಹೆಂಗೈತಿ? ಚಲೋ ಐತಿ. ಮತ್ತ ಕೂಸಿನ ತಾಯಿ?

ಶುಕ್ರವಾರ ರಾತ್ರಿ ಬೆಂಗಳೂರಲ್ಲಿ ರೈಲು ಹತ್ತಿ, ಬೆಳಗಿನ ಜಾವ ರಾಣೆಬೆನ್ನೂರಲ್ಲೋ ಹಾವೇರಿಯಲ್ಲೋ ಇಳಿಯೋ ಗಂಡಸರ ಒಂದು ಪಂಗಡವಿದೆ. ಹೆಂಡತಿಯನ್ನು ಬಾಣಂತನಕ್ಕೆ ತವರಿಗೆ ಕಳಿಸಿದ ಸಾಫ್ಟ್‌ವೇರ್ ಗಂಡಂದಿರು. ನಾನೂ ಅವರಲ್ಲೊಬ್ಬ. ಬ್ಯಾಡಗಿಗೆ ಫೋನ್ ಹಚ್ಚಿದಾಗಲೆಲ್ಲ ನನ್ನದು ಒಂದೇ ಮಾತು: "ಕ್ಯಾಮೆರಾ ಕೂಸಿನ ಕಡೆ ತಿರುಗಿಸು." ಐದನೇ ವಾರ ಹೋದಾಗ ಆಕೆ ಕೇಳಿದ್ಲು, "ನನ್ನ ಮುಖ ನೋಡಿ ಎಷ್ಟು ದಿನ ಆತ್ರಿ?" ಕೂಸು ಮಲಗಿದರೂ ಆಕೆಗೆ ನಿದ್ದೆಯಿಲ್ಲ. ಅತ್ತರೆ ಎತ್ತಿಕೊಳ್ಳೋಕೇ ಭಯ. ಮೂರು ವಾರದಿಂದ ಹೀಗೇ ಇತ್ತಂತೆ. ನನಗೆ ಕೂಸಿನ ತೂಕ ಮಾತ್ರ ಗ್ರಾಂ ಲೆಕ್ಕದಲ್ಲಿ ಗೊತ್ತಿತ್ತು.

ಇದನ್ನು ಹೇಳಿದರೆ ಆಫೀಸಿನ ಗೆಳೆಯರೂ ಊರಿನ ಹಿರಿಯರೂ ಒಂದೇ ರಾಗ ಎಳೀತಾರೆ: "ಡಿಪ್ರೆಶನ್ ಎಲ್ಲ ಸಿಟಿ ಕಾಯಿಲೆ. ನಿಮ್ಮ ಕಡೆ ತವರುಮನೆ ಇದೆಯಲ್ಲ, ಥೆರಪಿ ಯಾಕೆ?"

ಸುಳ್ಳು. "ಬಾಣಂತಿ ಸನ್ನಿ" ಅನ್ನೋ ಮಾತು ಹುಟ್ಟಿಸಿದ್ದು ಸಿಟಿಯವರಲ್ಲ, ನಮ್ಮ ಅಜ್ಜಿಯರು. ಹೆರಿಗೆ ಆದ ಮೇಲೆ ಮನಸ್ಸು ಕೆಡಬಹುದು ಅಂತ ಅವರಿಗೆ ಗೊತ್ತಿತ್ತು. ಕೂಗಾಡಿದರೆ ಸನ್ನಿ, ಸುಮ್ಮನೆ ಗೋಡೆ ನೋಡ್ತಾ ಕೂತರೆ ಮಾತ್ರ ಅದಕ್ಕೆ ಹೆಸರಿಲ್ಲ. ಹಾಗಾಗಿ ಅದು ಸೊಕ್ಕು, ಇಲ್ಲ ದೃಷ್ಟಿ.

ತವರನ್ನು ನಾನು ಹೀಯಾಳಿಸ್ತಿಲ್ಲ. ಎಣ್ಣೆ-ನೀರು, ಹೊರಸಿನ ಕೆಳಗೆ ಕೆಂಡ, ಅಂಟಿನುಂಡಿ: ಈ ಆರೈಕೆ ನಮ್ಮ ಟೂ ಬಿಎಚ್‌ಕೆಯಲ್ಲಿ ಸಿಗಲ್ಲ. ಆದರೆ ಅದೆಲ್ಲ ಮೈಗೆ. "ನನಗ ಈ ಕೂಸು ಬ್ಯಾಡ ಅನ್ನಸಾಕತ್ತೈತಿ" ಅಂತ ಆಕೆ ಆ ಮನೆಯಲ್ಲಿ ಯಾರ ಮುಂದೆ ಹೇಳಬೇಕು?

ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರೋದು ಸಹಜ. ಎರಡು ವಾರ ದಾಟಿದರೂ ಹೋಗದಿದ್ದರೆ ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಪತ್ತೆ ಹಚ್ಚೋಕೆ 1987ರಿಂದ 10 ಪ್ರಶ್ನೆಗಳ ಒಂದು ಪಟ್ಟಿಯಿದೆ, ಎಡಿನ್‌ಬರೋ ಸ್ಕೇಲ್. ಕನ್ನಡದಲ್ಲೂ ಇದೆ. ಐದು ನಿಮಿಷ ಸಾಕು. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ 42 ದಿನದಲ್ಲಿ 6 ಸಲ ಬರಬೇಕು ಅನ್ನೋದು ನಿಯಮ. ಕೂಸನ್ನು ತೂಗ್ತಾರೆ, ತಾಯಿಗೆ ಜ್ವರ ಇದೆಯಾ ಕೇಳ್ತಾರೆ. ಅದರಲ್ಲಿ ಒಂದು ಭೇಟಿಗೆ ಈ 10 ಪ್ರಶ್ನೆ ಸೇರಿಸಿ. ಅದಕ್ಕೆ ತರಬೇತಿ ಕೊಡಿ, ದುಡ್ಡೂ ಕೊಡಿ. ಆಶಾಗಳ ತಲೆ ಮೇಲೆ ಪುಕ್ಕಟೆ ಹೊರೆ ಬೇಡ.

ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳೋ ವಾರ್ಡ್ 2009ರಿಂದ ಇದೆ. ಸರಿ, ಅದು ಬೆಂಗಳೂರು. ಆದರೆ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರಬೇಕೆಂಬ "ಮನೋಚೈತನ್ಯ" ಕಾರ್ಯಕ್ರಮ ನಮ್ಮ ರಾಜ್ಯದ್ದೇ. ನಾವು ಡಾಕ್ಟರ ಹತ್ರ ಹೊರಟಾಗ ಮನೆಯಲ್ಲಿ ಎದ್ದ ಮೊದಲ ತಕರಾರು: "ಮಂಗಳವಾರ ಬಾಣಂತಿ ಹೊಸ್ತಿಲಾ ದಾಟತಾಳನು?" ದಾಟಿದಳು. ನಿಧಾನಕ್ಕೆ ಚೇತರಿಸಿಕೊಂಡಳು.

ನಮ್ಮ ಹತ್ರ ಕಾರಿತ್ತು, ರಜೆಯಿತ್ತು, ಫೀಸಿಗೆ ದುಡ್ಡಿತ್ತು. ಅದೇ ಬ್ಯಾಡಗಿಯಲ್ಲಿ ದಿನಗೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಣುಮಗಳಿಗೆ? ಆಕೆಗೆ ಥೆರಪಿ ಆ್ಯಪ್ ತೋರಿಸಬೇಡಿ. ಆಕೆಯ ಬಾಗಿಲಿಗೆ ಬರೋದು ಆಶಾ ಒಬ್ಬರೇ. ಅದಕ್ಕೇ ಪ್ರಶ್ನೆ ಅಲ್ಲಿಂದಲೇ ಶುರುವಾಗಬೇಕು ಅಂತ ಹಟ ಹಿಡೀತಿದೀನಿ.

ಸರ್ಕಾರ ಏಳೋವರೆಗೆ 14416 ಇದೆ: ಟೆಲಿ-ಮನಸ್, 2022ರಿಂದ. ಪುಕ್ಕಟೆ, ಕನ್ನಡದಲ್ಲಿ, ನಡುರಾತ್ರಿಯೂ ಎತ್ತುತ್ತಾರೆ. ಇನ್ನು ನಮ್ಮಂಥ ಗಂಡಂದಿರ ಪಾಲಿನ ಕೆಲಸಕ್ಕೆ ಯಾವ ಯೋಜನೆಯೂ ಬೇಕಿಲ್ಲ. ಇವತ್ತು ರಾತ್ರಿ ಫೋನ್ ಹಚ್ಚಿದಾಗ ಕ್ಯಾಮೆರಾ ತಿರುಗಿಸು ಅನ್ನಬೇಡಿ. ಸ್ವಲ್ಪ ಹೊತ್ತು ಆಕೆಯ ಮುಖದ ಮೇಲೇ ಇರಲಿ.